ಲ್ಯಾಮಿನೇಶನ್ ಮಾಡಿಸಿದ ಚೀಟಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಔಷಧ ನಿಯಂತ್ರಣ ಅಧಿಕಾರಿಗಳೇ, ನಮ್ಮೂರಿನ ಡಾಕ್ಟರುಗಳೇ, ಮೆಡಿಕಲ್ ಅಂಗಡಿಯ ಅಣ್ಣಂದಿರೇ,

ನಮಸ್ಕಾರ.

ನಾನು ದಾವಣಗೆರೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ನಮ್ಮನೆಯವರು ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಇಬ್ಬರು ಮಕ್ಕಳು. ಈ ಪತ್ರದಲ್ಲಿ ನಮ್ಮ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ, ಅಂಗಡಿಯ ಹೆಸರೂ ಇಲ್ಲ. ಯಾರೋ ಒಬ್ಬರ ಮೇಲೆ ಗೂಬೆ ಕೂರಿಸಲು ಬರೆಯುತ್ತಿಲ್ಲ. ಒಂದು ಅಂಗಡಿಗೆ ಬೀಗ ಬಿದ್ದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.

ನಮ್ಮ ಮನೆಯಲ್ಲಿ ಒಂದು ಚೀಟಿ ಇದೆ. 2021ರ ನವೆಂಬರ್ ತಿಂಗಳದು. ಮೂರು ಔಷಧಿ ಬರೆದಿದ್ದಾರೆ. ಮೂರನೆಯದು ನೋವಿನ ಗುಳಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಹತ್ತು ದಿನಕ್ಕೆ. ಆ ಹತ್ತು ದಿನದ ಚೀಟಿ ನಮ್ಮ ಮನೆಯಲ್ಲಿ ಎರಡು ವರ್ಷ ಏಳು ತಿಂಗಳು ನಡೆಯಿತು.

ಆ ವರ್ಷದ ನವೆಂಬರ್ ಮಳೆ ನಿಮಗೂ ನೆನಪಿರಬೇಕು. ಮೆಕ್ಕೆಜೋಳ ಯಾರ್ಡಿಗೆ ಬರುವ ಹೊತ್ತಿಗೆ ಸರಿಯಾಗಿ ಹೊಡೆಯಿತು. ತೋಯ್ದ ಚೀಲದ ತೂಕ ಜಾಸ್ತಿ. ಲಾರಿಗೆ ಹಾಕಿದ್ದ ಹಲಗೆಯ ಮೇಲೆ ಕೆಸರು. ನಮ್ಮನೆಯವರ ಕಾಲು ಜಾರಿತು, ಬೆನ್ನ ಮೇಲಿನ ಚೀಲದ ಸಮೇತ ಕೆಳಗೆ ಬಿದ್ದರು. ಜೊತೆಯವರು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೊಂಟದ ಹತ್ತಿರ ಡಿಸ್ಕ್ ಜರುಗಿದೆ ಅಂದರು. ಆಪರೇಷನ್ ಬೇಡ, ಆರು ವಾರ ಭಾರ ಎತ್ತಬೇಡಿ, ಗುಳಿಗೆ ತಗೊಳ್ಳಿ ಅಂದರು. ಡಾಕ್ಟರು ಒಳ್ಳೆಯವರೇ. ಬೈದು ಮಾತಾಡಲಿಲ್ಲ, ಸುಮ್ಮಸುಮ್ಮನೆ ಸ್ಕ್ಯಾನ್ ಬರೆಯಲಿಲ್ಲ.

ಆದರೆ ಹಮಾಲಿಗೆ ಆರು ವಾರ ಅಂದರೆ ಏನು ಅಂತ ಗೊತ್ತಾ ಸಾರ್? ಕೂಲಿ ಚೀಲದ ಲೆಕ್ಕದಲ್ಲಿ. ಎತ್ತಿದರೆ ಉಂಟು, ಎತ್ತದಿದ್ದರೆ ಇಲ್ಲ. ರಜೆ ಅನ್ನುವುದು ಇಲ್ಲ. ವರ್ಷದ ದುಡಿಮೆಯಲ್ಲಿ ಮುಕ್ಕಾಲು ಪಾಲು ಆಗುವುದೇ ಮೆಕ್ಕೆಜೋಳದ ಸೀಸನ್ನಿನಲ್ಲಿ. ಹನ್ನೆರಡನೇ ದಿನಕ್ಕೆ ಎದ್ದು ಹೊರಟರು. "ಇದೊಂದು ನುಂಗಿದರೆ ಸಾಕು ನೋಡು, ಬೆನ್ನು ಇದೆಯೋ ಇಲ್ಲವೋ ಅಂತಲೇ ಗೊತ್ತಾಗಲ್ಲ" ಅಂದರು. ನಾನೂ ಖುಷಿಪಟ್ಟೆ. ದೇವರೇ ಆ ಗುಳಿಗೆಯ ರೂಪದಲ್ಲಿ ಬಂದ ಹಾಗೆ ಅನಿಸಿತ್ತು. ಚೀಟಿ ಅವರ ಅಂಗಿಯ ಜೇಬಿನಲ್ಲಿ ಬೆವರಿಗೆ ನೆನೆದು ಮಡಿಕೆಯಲ್ಲಿ ಹರಿಯುತ್ತಿತ್ತು. ನಾನೇ ಜೆರಾಕ್ಸ್ ಅಂಗಡಿಗೆ ಹೋಗಿ ಮೂವತ್ತು ರೂಪಾಯಿ ಕೊಟ್ಟು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದೆ. ರೇಷನ್ ಕಾರ್ಡಿಗೂ ಹಾಗೆ ಮಾಡಿಸಿರಲಿಲ್ಲ.

ಇದನ್ನು ಹೇಳುವಾಗ ನನಗೆ ಈಗಲೂ ಕೈ ನಡುಗುತ್ತದೆ.

ಆ ಗುಳಿಗೆ ಏನು ಅಂತ ನಮಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಆಮೇಲೆ ನಮಗೆ ಸಿಕ್ಕ ಮನೋವೈದ್ಯರೊಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು. ನೋವಿನ ಗುಳಿಗೆಯಲ್ಲಿ ಎರಡು ಜಾತಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ತರಹದವು ಒಂದು ಜಾತಿ. ಅವನ್ನು ಬೇಕಾಬಿಟ್ಟಿ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ, ಆದರೆ ಚಟ ಹಿಡಿಸುವುದಿಲ್ಲ. ಇನ್ನೊಂದು ಜಾತಿ ಅಫೀಮಿನ ಬಳಗದ್ದು. ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಎಲ್ಲ ಇದರಲ್ಲಿ ಬರುತ್ತವೆ. ಮೆದುಳಿನಲ್ಲಿ ಅಫೀಮು ಎಲ್ಲಿ ಹೋಗಿ ಕೂರುತ್ತದೋ ಇವೂ ಅಲ್ಲೇ ಹೋಗಿ ಕೂರುತ್ತವೆ. ನೋವಿನ ಜೊತೆಗೆ ದಣಿವು, ಚಿಂತೆ, ಬೇಸರ ಎಲ್ಲವೂ ಸ್ವಲ್ಪ ಹೊತ್ತು ಮರೆಯಾಗುತ್ತವೆ. ಕೆಲವು ವಾರ ಕಳೆದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಒಂದರಲ್ಲಿ ಆಗುತ್ತಿದ್ದುದಕ್ಕೆ ಎರಡು ಬೇಕಾಗುತ್ತದೆ. ಹಾಗೆ ಒಗ್ಗಿಕೊಂಡ ಮೇಲೆ ಒಂದೇ ಸಲಕ್ಕೆ ನಿಲ್ಲಿಸಿದರೆ ಮೈಯೇ ತಿರುಗಿ ಬೀಳುತ್ತದೆ.

ಈ ಮಾತು ಹೇಳುವುದಕ್ಕೆ ಆ ಡಾಕ್ಟರಿಗೆ ಹಿಡಿದದ್ದು ಹತ್ತು ನಿಮಿಷ. 2021ರಲ್ಲಿ ಇದರಲ್ಲಿ ಎರಡೇ ನಿಮಿಷದ ಮಾತು ಯಾರಾದರೂ ಹೇಳಿದ್ದರೆ ಸಾಕಿತ್ತು.

ಆ ತಿರುಗಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2023ರ ಏಪ್ರಿಲ್. ಎರಡು ದಿನ ಗುಳಿಗೆ ಸಿಕ್ಕಿರಲಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲು, ಶೀಟಿನ ಮನೆ, ಒಳಗೆ ಕಾದ ಹಂಚಿನ ಹಾಗೆ. ಅವರು ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮೇಲಿಂದ ಮೇಲೆ ಆಕಳಿಕೆ. ಕಣ್ಣು, ಮೂಗಲ್ಲಿ ನೀರು ಸುರಿಯುತ್ತಿತ್ತು. ತೋಳು ನೋಡಿದರೆ ರೋಮವೆಲ್ಲ ನಿಮಿರಿ, ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಆಗಿತ್ತು. ಕಾಲು ಒಂದು ಕಡೆ ಇಡಲಾಗದೆ ಒದರುತ್ತಿದ್ದರು. ಭೇದಿ. ರಾತ್ರಿಯೆಲ್ಲ ನಿದ್ದೆ ಇಲ್ಲ. ನಾನು ಜ್ವರ ಅಂದುಕೊಂಡು ಮೆಣಸು ಶುಂಠಿ ಕಷಾಯ ಕುದಿಸಿ ಕೊಟ್ಟೆ. ಅತ್ತೆ ದೃಷ್ಟಿ ತೆಗೆದರು. ಮರುದಿನ ಬೆಳಿಗ್ಗೆ ಎಲ್ಲಿಂದಲೋ ಒಂದು ಸ್ಟ್ರಿಪ್ ಸಿಕ್ಕಿತು. ಒಟ್ಟಿಗೆ ನಾಲ್ಕು ನುಂಗಿದರು. ಅರ್ಧ ಗಂಟೆಯಲ್ಲಿ ಎದ್ದು ಮುಖ ತೊಳೆದು ತಿಂಡಿ ತಿಂದು ಯಾರ್ಡಿಗೆ ಹೋದರು. ಅವತ್ತು ನನಗೆ ಅರ್ಥವಾಯಿತು, ಈ ಮನುಷ್ಯ ಬೆನ್ನು ನೋವಿಗೆ ಗುಳಿಗೆ ನುಂಗುತ್ತಿಲ್ಲ ಅಂತ.

ನೀವು ಕೇಳಬಹುದು, ಅಲ್ಲಿಯವರೆಗೆ ನಿನಗೆ ಗೊತ್ತೇ ಆಗಲಿಲ್ವಾ ಅಂತ. ಎಲ್ಲರೂ ಕೇಳಿದ್ದಾರೆ. ನಮ್ಮನೆಯವರು ಕುಡಿಯುವವರಲ್ಲ, ಬೀಡಿ ಸೇದುವವರಲ್ಲ. ಬೀದಿಯಲ್ಲಿ ಎಲ್ಲರೂ ನನಗೆ "ನೀನು ಪುಣ್ಯ ಮಾಡಿದ್ದೀಯ" ಅನ್ನುತ್ತಿದ್ದರು. ಕುಡಿದು ಬಂದವರ ಬಾಯಿ ನಾರುತ್ತದೆ, ನಡಿಗೆ ತಪ್ಪುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಗುಳಿಗೆ ತಿಂದವರ ಬಾಯಿ ವಾಸನೆ ಬರಲ್ಲ. ಅದೂ ಅಲ್ಲದೆ ಅದು ಡಾಕ್ಟರು ಕೊಟ್ಟಿದ್ದು. ಡಾಕ್ಟರು ಕೊಟ್ಟಿದ್ದನ್ನು ಬೇಡ ಅನ್ನುವ ಧೈರ್ಯ ನಮ್ಮಂಥವರಿಗೆ ಎಲ್ಲಿಂದ ಬರಬೇಕು?

ಗೊತ್ತಾದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ನಾನು ಕಳ್ಳನನ್ನು ಹುಡುಕುವ ಪೊಲೀಸಿನವಳಾದೆ. ಹೊಲಿಗೆ ಮಿಷನ್ನಿನ ಡ್ರಾಯರಿನ ಹಿಂದೆ, ಸೈಕಲ್ ಸೀಟಿನ ಕೆಳಗೆ, ದೇವರ ಪಟದ ಹಿಂದೆ ಖಾಲಿ ಸ್ಟ್ರಿಪ್‌ಗಳು. ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಗುಳಿಗೆ ಒತ್ತಿ ತೆಗೆಯುವ ಚಟ್ ಅನ್ನುವ ಸದ್ದು. ಎಷ್ಟು ಸಲ ಅಂತ ಎಣಿಸುತ್ತಾ ಮಲಗಿರುತ್ತಿದ್ದೆ. ಸ್ತ್ರೀಶಕ್ತಿ ಸಂಘದಲ್ಲಿ ತೆಗೆದ ಸಾಲ ಹೋಯಿತು. ನನ್ನ ಓಲೆ ಹೋಯಿತು. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಖಾಲಿಯಾಗುತ್ತಿತ್ತು. ಮಾತು ಮಾತಿಗೆ ಸುಳ್ಳು. ಮೊದಲೆಲ್ಲ ಸುಳ್ಳು ಹೇಳಲು ಬಾರದ ಮನುಷ್ಯ ಇವರು, ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಆಮೇಲೆ ಕಿವಿಯೂ ಕೆಂಪಾಗಲಿಲ್ಲ.

ಮಗಳ ವಿಷಯ ಬರೆಯಲೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ. ಬರೆಯುತ್ತೇನೆ.

ಆಗ ಅವಳು ಆರನೇ ಕ್ಲಾಸು. ದೊಡ್ಡವರು ಹೋದರೆ ಕೆಲವು ಅಂಗಡಿಯವರು "ಮೊನ್ನೆ ತಾನೇ ತಗೊಂಡ್ರಲ್ಲ" ಅನ್ನುತ್ತಿದ್ದರು. ಮಗುವಿನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೆ ಯಾರೂ ಏನೂ ಕೇಳುತ್ತಿರಲಿಲ್ಲ. "ಅಪ್ಪಾಜಿಗೆ ಬೆನ್ನು ನೋವು ಅಂಕಲ್" ಅಂದರೆ ಮುಗಿಯಿತು. ಅವರಪ್ಪ ಅದನ್ನು ಕಂಡುಕೊಂಡಿದ್ದರು. ಸ್ಕೂಲಿನಿಂದ ಬರುವಾಗ ದಿನಕ್ಕೊಂದು ಅಂಗಡಿ. ಒಂದು ದಿನ ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ನೋಡಿದೆ. ಪೆನ್ಸಿಲಿನಲ್ಲಿ ಸಣ್ಣದಾಗಿ ತಾರೀಖು, ಪಕ್ಕದಲ್ಲಿ ಅಂಕಿ ಬರೆದಿದ್ದಳು. 6, 6, 8, 7, 10, 9, 12. ಅಪ್ಪಾಜಿ ದಿನಕ್ಕೆ ಎಷ್ಟು ನುಂಗುತ್ತಾರೆ ಅಂತ ಮಗು ಎಣಿಸಿ ಇಟ್ಟಿತ್ತು. ಯಾಕೆ ಅಂತ ಕೇಳಿದೆ. "ಕಡಿಮೆ ಆದ ದಿನ ನಿನಗೆ ಹೇಳೋಣ ಅಂತ" ಅಂದಳು. ಹೇಳುವ ದಿನ ಬಂದಿರಲಿಲ್ಲ.

2024ರ ಜೂನ್. ಅವತ್ತಿನ ಅಂಕಿ 14. ನಮ್ಮನೆಯವರು ನುಂಗುತ್ತಿದ್ದ ಒಂದು ಗುಳಿಗೆಯಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಹದಿನಾಲ್ಕರ ಲೆಕ್ಕ ಹಾಕಿದರೆ 525 ಮಿಲಿಗ್ರಾಂ ಟ್ರಮಡಾಲ್, ನಾಲ್ಕೂವರೆ ಗ್ರಾಂ ಪ್ಯಾರಾಸಿಟಮಾಲ್. ದಿನಕ್ಕೆ 400 ಮಿಲಿಗ್ರಾಂ ದಾಟಬಾರದ್ದು ಒಂದು, 4 ಗ್ರಾಂ ದಾಟಬಾರದ್ದು ಇನ್ನೊಂದು. ಟ್ರಮಡಾಲ್ ಅತಿಯಾದರೆ ಫಿಟ್ಸ್ ಬರುತ್ತದೆ, ಪ್ಯಾರಾಸಿಟಮಾಲ್ ಅತಿಯಾದರೆ ಲಿವರ್ ಹೋಗುತ್ತದೆ. ಅವತ್ತು ಊಟಕ್ಕೆ ಕೂತಾಗ ತಟ್ಟೆಯ ಮೇಲೇ ಬಿದ್ದರು. ಕೈಕಾಲು ಸೆಟೆದು ಹೊಡೆದುಕೊಳ್ಳುತ್ತಿದ್ದವು, ಬಾಯಲ್ಲಿ ನೊರೆ. ಸಣ್ಣವನು ಹೆದರಿ ಹೊರಗೆ ಓಡಿದ. ಯಾರೋ ಕಬ್ಬಿಣದ ಬೀಗದ ಕೈ ತಂದು ಕೈಗೆ ಕೊಟ್ಟರು. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು "ಏನಾದರೂ ಔಷಧಿ ತಗೋತಾರಾ?" ಅಂತ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿಕೆ. ಮಗಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದಳು.

ನಮ್ಮನೆಯವರು ಉಳಿದಿದ್ದು ಆ ಪುಟದಿಂದ.

ಈಗ ನಾನು ಕೇಳುವುದನ್ನು ಕೇಳುತ್ತೇನೆ. ಈ ಒಂದೂವರೆ ವರ್ಷದಲ್ಲಿ ನಾನು ಓದಿದ್ದೇನೆ, ಡಾಕ್ಟರುಗಳನ್ನು, ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡಿದ್ದೇನೆ. ಗೊತ್ತಾಗಿದ್ದು ಏನೆಂದರೆ ಹೊಸ ಕಾನೂನು ಬೇಕಾಗಿಲ್ಲ, ಇದ್ದದ್ದೇ ಸಾಕು.

ಇಂಥ ಔಷಧಿಗಳಿಗೆ ಎಚ್‌1 ಅಂತ ಒಂದು ಪಟ್ಟಿ ಇದೆ. 2013ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು, 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಟ್ರಮಡಾಲ್ ಅದರಲ್ಲಿದೆ, ನಿದ್ದೆ ಗುಳಿಗೆಗಳೂ ಇವೆ. ಇವನ್ನು ಮಾರಿದಾಗಲೆಲ್ಲ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿಯ ಹೆಸರು, ಎಷ್ಟು ಕೊಟ್ಟರು ಎಂಬುದೆಲ್ಲ ಬರೆಯಬೇಕು. ಆ ಪುಸ್ತಕವನ್ನು ಮೂರು ವರ್ಷ ಇಟ್ಟಿರಬೇಕು, ಇನ್‌ಸ್ಪೆಕ್ಟರ್ ಬಂದರೆ ತೋರಿಸಬೇಕು. 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಕೆಳಗೂ ತಂದರು. ಇನ್ನೂ ಹಳೆಯದೊಂದು ನಿಯಮ ಇದೆ, 1945ರದು. ಡಾಕ್ಟರು ಮತ್ತೆ ಕೊಡಿ ಅಂತ ಬರೆಯದೇ ಇದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕು. ಕೊಟ್ಟ ಮೇಲೆ ಚೀಟಿಯಲ್ಲಿ ಡಾಕ್ಟರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ, ಕೊಟ್ಟ ತಾರೀಖು ಬರೆಯಬೇಕು.

ನಮ್ಮ ಚೀಟಿ ಪ್ಲಾಸ್ಟಿಕ್ಕಿನ ಒಳಗೆ ಇತ್ತು ಸಾರ್. ಲ್ಯಾಮಿನೇಶನ್ ಮಾಡಿದ ಚೀಟಿಯ ಮೇಲೆ ಯಾವ ಅಂಗಡಿಯವರು ಏನು ಬರೆಯಲು ಸಾಧ್ಯ? ಅದನ್ನು ಕೈಗೆ ತಗೊಂಡು ಗುಳಿಗೆ ಕೊಟ್ಟ ಪ್ರತಿಯೊಬ್ಬರಿಗೂ ಗೊತ್ತಿತ್ತು, ಇದರ ಮೇಲೆ ನಾನು ಬರೆಯುವುದಿಲ್ಲ, ನನ್ನ ಹಿಂದಿನವನೂ ಬರೆದಿಲ್ಲ ಅಂತ. ಕೌಂಟರಿನಲ್ಲಿ ಕೂತ ಹುಡುಗರಿಗೆ ನಿಯಮವೇ ಗೊತ್ತಿರಲಿಲ್ಲವೋ ಏನೋ. ಫಾರ್ಮಾಸಿಸ್ಟ್ ಸರ್ಟಿಫಿಕೇಟು ಗೋಡೆಗೆ ತೂಗು ಹಾಕಿರುತ್ತದೆ, ಫಾರ್ಮಾಸಿಸ್ಟ್ ಎಷ್ಟೋ ಸಲ ಅಂಗಡಿಯಲ್ಲಿ ಇರುವುದೇ ಇಲ್ಲ.

ಒಬ್ಬರನ್ನು ಮಾತ್ರ ನೆನೆಯಬೇಕು. ವಯಸ್ಸಾದವರು, ಸಣ್ಣ ಅಂಗಡಿ. ಒಂದು ದಿನ ನಾನೇ ಹೋಗಿದ್ದೆ. ಚೀಟಿಯನ್ನು ಆಚೆ ಈಚೆ ತಿರುಗಿಸಿ ನೋಡಿ, "ತಂಗೀ, ಇದು ಹತ್ತು ದಿನದ್ದು. ವರ್ಷದ ಮೇಲಾಯ್ತು. ಕೊಡೋಕೆ ಬರಲ್ಲ. ಒಂದು ಸಲ ಡಾಕ್ಟರ ಹತ್ತಿರ ಕರ್ಕೊಂಡು ಹೋಗವ್ವಾ" ಅಂದರು. ನಾನು ಅವರ ಜೊತೆ ಜಗಳವಾಡಿ ಬಂದೆ. ಬಡವರ ಕಷ್ಟ ನಿಮಗೆ ತಿಳಿಯಲ್ಲ ಅಂದೆ. ಆ ಹಿರಿಯರು ಈ ಪತ್ರ ಓದಿದರೆ ನನ್ನ ತಪ್ಪು ಮನ್ನಿಸಲಿ. ಅವತ್ತು ಊರಿನ ಹತ್ತು ಅಂಗಡಿಯವರು ಅವರ ಹಾಗೆ ಅಂದಿದ್ದರೆ ನನ್ನ ಮಗಳ ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಇರುತ್ತಿತ್ತು.

ಜಿಲ್ಲಾಧಿಕಾರಿಗಳೇ, ಮಾದಕ ವಸ್ತು ತಡೆಗೆ ಎನ್‌ಕಾರ್ಡ್ ಅಂತ ಜಿಲ್ಲಾ ಸಮಿತಿ ಇರುತ್ತದೆ, ಅದಕ್ಕೆ ತಾವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಗಾಂಜಾ ವಿಷಯದ ಜೊತೆಗೆ ಈ ರಿಜಿಸ್ಟರಿನ ವಿಷಯವನ್ನೂ ಎತ್ತಿಕೊಳ್ಳಿ. ರಿಜಿಸ್ಟರ್ ಇದೆಯಾ ಅಂತ ನೋಡಿದರೆ ಸಾಲದು. ಹೋಲ್‌ಸೇಲಿನವರಿಂದ ಅಂಗಡಿಗೆ ಎಷ್ಟು ಸ್ಟ್ರಿಪ್ ಬಂತು, ರಿಜಿಸ್ಟರಿನಲ್ಲಿ ಎಷ್ಟು ಬರೆದಿದೆ, ಕಪಾಟಿನಲ್ಲಿ ಎಷ್ಟು ಉಳಿದಿದೆ. ಈ ಮೂರು ಲೆಕ್ಕ ಕೂಡಿಸಿ ನೋಡಲಿ. ಮಂಡಿಪೇಟೆಯ ಕಿರಾಣಿ ಅಂಗಡಿಯವರೂ ದಿನಾ ಸಂಜೆ ಇಷ್ಟು ಲೆಕ್ಕ ನೋಡುತ್ತಾರೆ. ಮಕ್ಕಳ ಕೈಗೆ ಇಂಥ ಗುಳಿಗೆ ಕೊಡಬೇಡಿ ಅಂತ ಪ್ರತಿ ಅಂಗಡಿಯಲ್ಲಿ ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡ್ ಹಾಕಿಸಿ.

ಟ್ರಮಡಾಲ್ ಒಂದನ್ನೇ ಹಿಡಿದು ಕೂತರೂ ಆಗುವುದಿಲ್ಲ. 2018ರಲ್ಲಿ ಅದನ್ನು ಬಿಗಿ ಮಾಡಿದಾಗ ಟಪೆಂಟಡಾಲ್ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮನೆಯವರಿಗೆ ಒಂದು ಸಿಗದ ದಿನ ಇನ್ನೊಂದನ್ನು ಕೊಟ್ಟವರೂ ಇದ್ದಾರೆ. ಅದೇ ಟಪೆಂಟಡಾಲಿಗೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಸೇರಿಸಿದ ಗುಳಿಗೆ ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಹುಡುಗರನ್ನು ಹಾಳು ಮಾಡುತ್ತಿದೆ ಅಂತ ಸುದ್ದಿಯಾದ ಮೇಲೆ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಯಾರಿಸಲು, ರಫ್ತು ಮಾಡಲು ಕೊಟ್ಟ ಅನುಮತಿ ಹಿಂತೆಗೆದುಕೊಂಡಿತು. ಆ ಊರಿನ ತಾಯಂದಿರೂ ನನ್ನ ಹಾಗೇ ಸ್ಟ್ರಿಪ್ ಹುಡುಕಿರುತ್ತಾರೆ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಬಿಗಿ ಮಾಡುವ ಭರದಲ್ಲಿ ನಿಜವಾಗಿ ನೋವಿರುವವರ ಗುಳಿಗೆ ಕಿತ್ತುಕೊಳ್ಳಬೇಡಿ. ನಮ್ಮ ದೊಡ್ಡಮ್ಮ ಬಾಯಿ ಕ್ಯಾನ್ಸರಿನಲ್ಲಿ ಹೋದರು. ಮಾರ್ಫಿನ್ ಸಿಗದೆ ಕೊನೆಯ ಎರಡು ವಾರ ದಿಂಬು ಕಚ್ಚಿಕೊಂಡು ಅಳುತ್ತಿದ್ದರು. ಅಂಥವರಿಗೆ ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಿದ್ದಿದರು. ಅಫೀಮಿನ ಬಳಗದ ಔಷಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದೊಡ್ಡಮ್ಮನಿಗೆ ಬೇಕಿತ್ತು, ಸಿಗಲಿಲ್ಲ. ನಮ್ಮನೆಯವರಿಗೆ ಹತ್ತು ದಿನಕ್ಕೆ ಸಾಕಿತ್ತು, ಸಾವಿರ ದಿನದ ಹತ್ತಿರ ಸಿಕ್ಕಿತು. ಎರಡೂ ಒಂದೇ ಊರಿನಲ್ಲಿ.

ಡಾಕ್ಟರುಗಳೇ, ನಿಮ್ಮ ಹತ್ತಿರ ನನ್ನ ಬೇಡಿಕೆ ಸಣ್ಣದು. ಈ ಜಾತಿಯ ಗುಳಿಗೆ ಬರೆದಾಗ ಬಾಯಿ ಬಿಟ್ಟು ಹೇಳಿ: "ಇದು ಚಟ ಹಿಡಿಸುವ ಗುಳಿಗೆ." ಚಟ ಅನ್ನುವ ಪದವನ್ನೇ ಬಳಸಿ, ಅದು ನಮಗೆ ಅರ್ಥವಾಗುತ್ತದೆ. ಎಷ್ಟು ದಿನ ಅಂತ ಅಂಕಿಯಲ್ಲಿ ಬರೆಯುವುದರ ಜೊತೆಗೆ ಯಾವ ತಾರೀಖಿಗೆ ನಿಲ್ಲಿಸಬೇಕು ಅಂತಲೂ ಬರೆಯಿರಿ. ಜಾಸ್ತಿ ದಿನ ಕೊಡಲೇಬೇಕಾಗಿ ಬಂದರೆ ಹೇಗೆ ಇಳಿಸಬೇಕು ಅನ್ನುವುದನ್ನು ಅದೇ ಹಾಳೆಯಲ್ಲಿ ಬರೆಯಿರಿ. ಮನೆಯವರಲ್ಲಿ ಒಬ್ಬರನ್ನು ಒಳಗೆ ಕರೆದು ಹೇಳಿ. ಶುರು ಮಾಡುವ ಚೀಟಿ ನಮಗೆ ಸಿಕ್ಕಿತು. ನಿಲ್ಲಿಸುವ ಚೀಟಿ ಯಾರೂ ಕೊಡಲಿಲ್ಲ. ಈ ಪತ್ರವೆಲ್ಲ ಇಷ್ಟಕ್ಕೇ.

ಹಮಾಲಿಗೆ "ಭಾರ ಎತ್ತಬೇಡ" ಅಂತ ಬರೆದರೆ ಆ ಆರು ವಾರ ಅವನ ಮನೆ ಹೇಗೆ ನಡೆಯಬೇಕು ಅನ್ನುವುದು ಡಾಕ್ಟರ ಕೆಲಸವಲ್ಲ, ಗೊತ್ತು. ಅದು ಎಪಿಎಂಸಿಯವರ, ಕಾರ್ಮಿಕ ಇಲಾಖೆಯವರ ಕೆಲಸ. ಅಸಂಘಟಿತ ಕಾರ್ಮಿಕರ ಸ್ಮಾರ್ಟ್ ಕಾರ್ಡ್ ಪಟ್ಟಿಯಲ್ಲಿ ಹಮಾಲರಿದ್ದಾರೆ, ನನ್ನಂಥ ಟೈಲರುಗಳಿದ್ದಾರೆ, ಭಟ್ಟಿ ಕೆಲಸದವರೂ ಇದ್ದಾರೆ. ಕಾರ್ಡ್ ಕೊಟ್ಟ ಹಾಗೆಯೇ, ಬೆನ್ನು ಮುರಿದುಕೊಂಡು ಮಲಗಿದ ವಾರಗಳಿಗೆ ಒಂದಿಷ್ಟು ಕೂಲಿ ಕೊಡುವ ದಾರಿಯನ್ನೂ ಮಾಡಿ. ಯಾರ್ಡಿನಲ್ಲಿ ವಾರಕ್ಕೊಮ್ಮೆ ಫಿಸಿಯೋಥೆರಪಿಯವರು ಬಂದು ಕೂತರೂ ಸಾಕು. ನಮ್ಮನೆಯವರ ಬೆನ್ನು ಈಗ ಹಿಡಿತಕ್ಕೆ ಬಂದಿರುವುದು ಅವರು ಹೇಳಿಕೊಟ್ಟ ವ್ಯಾಯಾಮದಿಂದ. ಚೀಲ ಹೊರುವವರ ನೋವು ನಿಜ. ಮಂಡಕ್ಕಿ ಭಟ್ಟಿಯ ಮುಂದೆ ದಿನವೆಲ್ಲ ನಿಂತು ಹುರಿಯುವವರ ಮಂಡಿ ನೋವು ನಿಜ. ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವ ಹೆಂಗಸರಲ್ಲೇ ಮೂವರು ಪರ್ಸಿನಿಂದ ಗುಳಿಗೆ ತೆಗೆದು ತೋರಿಸಿ "ಇದಿಲ್ಲದಿದ್ರೆ ಏಳೋಕೇ ಆಗಲ್ಲ" ಅಂದಿದ್ದಾರೆ. ಮೂವರಲ್ಲಿ ಇಬ್ಬರದು ಟ್ರಮಡಾಲ್. ಅವರ ಗಂಡಂದಿರಿಗೆ ಗೊತ್ತಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಲ್ಲಿ ಔಷಧಿ ರೂಪದ ಅಫೀಮು ಬಳಗದ ವಸ್ತುಗಳನ್ನು ಚಟಕ್ಕೆ ಬಳಸುವವರು ದೇಶದಲ್ಲಿ ಶೇಕಡಾ 0.96 ಅಂತ ಇದೆ. ಹೆರಾಯಿನ್ 1.14. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಹೆರಾಯಿನ್ ಬಗ್ಗೆ ಸ್ಕೂಲಿನಲ್ಲಿ ಭಾಷಣ ಇರುತ್ತದೆ, ಜಾಥಾ ಇರುತ್ತದೆ. ಗುಳಿಗೆಯ ಬಗ್ಗೆ ಒಂದು ಮಾತಿಲ್ಲ.

ಇನ್ನು ಚಿಕಿತ್ಸೆ. ಫಿಟ್ಸ್ ಬಂದ ಮೇಲೆ ನಂಟರು ಒಂದು ಜಾಗ ಹೇಳಿದ್ದರು. ಅಲ್ಲಿ ಬಿಟ್ಟು ಬಂದರೆ ಮೂರು ತಿಂಗಳು ಹೊರಗೆ ಬಿಡಲ್ಲ, ಹಟ ಮಾಡಿದರೆ ಕಟ್ಟಿ ಹಾಕುತ್ತಾರೆ, ಆಮೇಲೆ ಬುದ್ಧಿ ಬರುತ್ತದೆ ಅಂದರು. ನಾನು ಒಪ್ಪಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಅಂತ ಸ್ಪಷ್ಟವಾಗಿದೆ, ಅದು ನನಗೆ ಆಮೇಲೆ ತಿಳಿಯಿತು. ಆಗ ಸುಮ್ನೆ ಮನಸ್ಸು ಒಪ್ಪಲಿಲ್ಲ, ಅಷ್ಟೇ. ನಮಗೆ ಸಿಕ್ಕ ಮನೋವೈದ್ಯರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಬುಪ್ರೆನಾರ್ಫಿನ್ ಅನ್ನುವ ಗುಳಿಗೆ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರು. ಮೈ ತಿರುಗಿ ಬೀಳಲಿಲ್ಲ. ಒಂದು ಎಚ್ಚರಿಕೆ ಮೇಲಿಂದ ಮೇಲೆ ಹೇಳುತ್ತಿದ್ದರು. ನಿಲ್ಲಿಸಿ ಕೆಲವು ದಿನ ಆದ ಮೇಲೆ ಮತ್ತೆ ಹಳೆಯ ಲೆಕ್ಕದಲ್ಲೇ ನುಂಗಿದರೆ ಮೈ ತಡೆಯುವುದಿಲ್ಲ, ಉಸಿರು ನಿಧಾನವಾಗಿ ನಿಂತೇ ಹೋಗಬಹುದು. ಜೊತೆಗೆ ಮದ್ಯವೋ ನಿದ್ದೆ ಗುಳಿಗೆಯೋ ಸೇರಿದರೆ ಇನ್ನೂ ಅಪಾಯ. ಮನೆಯಲ್ಲಿ ಇಂಥವರಿದ್ದರೆ ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈ ಚಿಕಿತ್ಸೆ ಊರಲ್ಲೇ ಸಿಕ್ಕಿದ್ದು ನಮ್ಮ ಅದೃಷ್ಟ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ, ಆದರೆ ಹದಿನೈದು ದಿನಕ್ಕೊಮ್ಮೆ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿಬರುವುದು ನಮ್ಮಂಥವರಿಂದ ಆಗುವ ಮಾತಲ್ಲ. ಜಗಳೂರಿನವರು, ಚನ್ನಗಿರಿಯವರು, ಆಚೆ ಚಳ್ಳಕೆರೆ, ಮೊಳಕಾಲ್ಮೂರಿನವರು ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಮಾಡಿದ್ದಾರಲ್ಲ, ಅದರಲ್ಲೇ ಗುಳಿಗೆ ಬಿಡಿಸುವ ಚಿಕಿತ್ಸೆಗೂ ಒಂದು ಕುರ್ಚಿ ಹಾಕಿ. ಹೊರಗೆ ಬೋರ್ಡಿನಲ್ಲಿ ಬರೆಯಿರಿ. "ಮಾನಸಿಕ" ಅಂತ ಮಾತ್ರ ಬರೆದರೆ ಹಮಾಲರು ಒಳಗೆ ಕಾಲಿಡಲ್ಲ. "ನೋವಿನ ಗುಳಿಗೆ ಬಿಡಲು ಆಗುತ್ತಿಲ್ಲವೇ? ಇಲ್ಲಿ ಬನ್ನಿ" ಅಂತ ಬರೆಯಿರಿ.

ಪೊಲೀಸರ ಹೆದರಿಕೆಯಿಂದ ನಾನು ಅವತ್ತು ಡ್ಯೂಟಿ ಡಾಕ್ಟರ ಮುಂದೆ ಬಾಯಿ ಬಿಡಲಿಲ್ಲ ಅಂದೆನಲ್ಲ. ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವನೆಗೋ, ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೋ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತಗೊಂಡರೆ ಅವರ ಮೇಲೆ ಕೇಸ್ ನಡೆಸುವಂತಿಲ್ಲ. ಇದನ್ನು ಠಾಣೆಯ ಗೋಡೆಯ ಮೇಲೂ ಆಸ್ಪತ್ರೆಯ ಗೋಡೆಯ ಮೇಲೂ ಬರೆಸಿ. ಚಟ ಬಿಡಿಸುವ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಟೆಲಿಮಾನಸ್‌ಗೆ ನಾನು ಒಂದು ರಾತ್ರಿ ಹನ್ನೊಂದು ಗಂಟೆಗೆ ಮಾಡಿದ್ದೆ, ಕನ್ನಡದಲ್ಲೇ ಮಾತಾಡಿದರು. ನಾನು ಅತ್ತು ಮುಗಿಸುವವರೆಗೆ ಕಾದರು.

ನಮ್ಮನೆಯವರು ಈಗ ಯಾರ್ಡಿನಲ್ಲಿ ತೂಕದ ಹತ್ತಿರ ಚೀಲ ಹೊಲಿಯುವ ಕೆಲಸ ಮಾಡುತ್ತಾರೆ. ಕೂಲಿ ಕಡಿಮೆ. ಮಧ್ಯೆ ಒಂದು ಸಲ ಎಡವಿದರು, ಹೋದ ದೀಪಾವಳಿಯ ಸಮಯ, ಐದು ದಿನ. ಆರನೇ ದಿನ ತಾವೇ ಡಾಕ್ಟರ ಹತ್ತಿರ ಹೋದರು. ಮಗಳು ಈಗ ಎಂಟನೇ ಕ್ಲಾಸು. ಹೊಸ ನೋಟ್‌ಬುಕ್ಕಿನಲ್ಲಿ ಕೊನೆಯ ಪುಟ ನಾನು ನೋಡುವುದಿಲ್ಲ. ನೋಡಬೇಕು ಅನಿಸುತ್ತದೆ, ನೋಡುವುದಿಲ್ಲ.

ಈ ಪತ್ರದ ಜೊತೆ ಆ ಚೀಟಿಯ ಜೆರಾಕ್ಸ್ ಇಟ್ಟಿದ್ದೇನೆ. ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು, ನಮ್ಮನೆಯವರ ಹೆಸರಿನ ಮೇಲೆ ಕಾಗದ ಅಂಟಿಸಿ ತೆಗೆಸಿದ್ದು. ತಾರೀಖು, ಹತ್ತು ದಿನ ಅಂತ ಬರೆದದ್ದು ಕಾಣುತ್ತದೆ. ಸಹಿಯ ಮೇಲ್ಭಾಗ ನೋಡಿ ಸಾರ್. ಅಲ್ಲಿ ನಾನು ಏನನ್ನೂ ಮುಚ್ಚಿಲ್ಲ. ಅಲ್ಲಿ ಮೊದಲಿಂದಲೂ ಏನೂ ಬರೆದಿರಲಿಲ್ಲ.

ಇಂತಿ,
ಹಮಾಲಿಯೊಬ್ಬರ ಹೆಂಡತಿ, ಇಬ್ಬರು ಮಕ್ಕಳ ತಾಯಿ
ದಾವಣಗೆರೆ